ಕಾಂಡ್ಲಾ ಕಾಡಿನಲ್ಲಿ ಒಂದು ಸುತ್ತು

ಶರಾವತಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಜೋಗ. ರಾಜ, ರಾಣಿ, ರೋರರ್, ರಾಕೆಟ್ ನೋಡಿ, ನಾಲ್ಕು ಫೋಟೋ ತೆಗೆದು, ಬಿಸಿ ಬಜ್ಜಿ ತಿಂದು ಬಸ್ಸು ಹತ್ತಿದರೆ ಮುಗಿಯಿತು. ಅಷ್ಟೆತ್ತರದಿಂದ ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ. ಈ ಬರಹ ಆ ನೀರಿನ ಕೊನೆಯ ಕೆಲವು ಮೈಲಿಗಳ ಬಗ್ಗೆ. ಅಲ್ಲೊಂದು ಕಾಡಿದೆ. ಹೆಂಡತಿ, ಮಕ್ಕಳು, ಅಜ್ಜ, ಅಜ್ಜಿ ಎಲ್ಲರನ್ನೂ ಕರೆದುಕೊಂಡು ಆರಾಮಾಗಿ ನಡೆದು ಬರಬಹುದಾದ ಕಾಡು. ಆದರೆ ಅದರ ಕಥೆ ಮಾತ್ರ ಅಷ್ಟು ಆರಾಮಿನದಲ್ಲ.

ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕಿದ ನದಿ ಕಣಿವೆಯೊಳಗೆ ಹರಿದು ಗೇರುಸೊಪ್ಪೆಯ ಹತ್ತಿರ ಘಟ್ಟದ ಬುಡಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಹೊನ್ನಾವರದವರೆಗೆ ಅದರ ಸ್ವಭಾವವೇ ಬೇರೆ. ಅವಸರ ಇಲ್ಲ, ಗದ್ದಲ ಇಲ್ಲ. ದಂಡೆಯಲ್ಲಿ ತೆಂಗು, ಅಡಿಕೆ ತೋಟಗಳು. ಸಮುದ್ರ ಹತ್ತಿರವಾದಂತೆ ನದಿ ಅಗಲವಾಗುತ್ತಾ ಹೋಗಿ ಕೊನೆಗೆ ನದಿಯೋ ಕೆರೆಯೋ ಅಂತ ಅನುಮಾನ ಬರುವ ಹಾಗೆ ಹರಡಿಕೊಳ್ಳುತ್ತದೆ. ಎಷ್ಟು ಅಗಲ ಅಂತ ತಿಳಿಯಬೇಕಾದರೆ ರೈಲಿನಲ್ಲಿ ಹೋಗಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರುವುದು ಇಲ್ಲೇ. ಉದ್ದ 2 ಕಿಲೋಮೀಟರಿಗೂ ಹೆಚ್ಚು.

ಈ ಅಗಲವಾದ ನೀರಿನ ಮಧ್ಯೆ ಅಲ್ಲಲ್ಲಿ ಹಸಿರು ತುಂಡುಗಳು ತೇಲುತ್ತಿರುವಂತೆ ಕಾಣುತ್ತವೆ. ಅವೇ ಕುರ್ವೆಗಳು. ಘಟ್ಟದ ಮೇಲಿನವರಿಗೆ ಈ ಪದ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಕುರ್ವೆ ಅಂದರೆ ನದಿಯ ನಡುವಿನ ದ್ವೀಪ, ನಡುಗಡ್ಡೆ. ನದಿ ತಂದ ಮಣ್ಣು ನಿಂತು, ಅದರ ಮೇಲೆ ಗಿಡ ಬಂದು, ಆಮೇಲೆ ಮನುಷ್ಯ ಬಂದು ಊರಾದ ಜಾಗ. ಶರಾವತಿಯಲ್ಲಿ ಹೆಸರಾದ ಕುರ್ವೆ ನಮ್ಮ ಮಾವಿನಕುರ್ವೆ. (ಭಟ್ಕಳದಲ್ಲೂ ಒಂದು ಮಾವಿನಕುರ್ವೆ ಇದೆ, ಮೀನುಗಾರಿಕೆ ಬಂದರಿನ ಊರು. ನಾನು ಹೇಳುತ್ತಿರುವುದು ಹೊನ್ನಾವರದ್ದು.) ಇನ್ನೂ ಮೇಲಕ್ಕೆ ಹೋದರೆ ಹೈಗುಂದ ಸಿಗುತ್ತದೆ. ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆಸಿ ಇಲ್ಲಿ ನೆಲೆ ಕೊಟ್ಟ ಅನ್ನುವುದು ಹವ್ಯಕರಲ್ಲಿ ಬಂದಿರುವ ಐತಿಹ್ಯ. ಕುರ್ವೆಯಲ್ಲಿ ಬದುಕುವುದು ಎಂದರೆ ನಾಲ್ಕೂ ಕಡೆ ನೀರು, ಅದೂ ದಿನಕ್ಕೆರಡು ಸಲ ಏರಿ ಇಳಿಯುವ ನೀರು. ಭರತ ಬಂದಾಗ ಉಪ್ಪುನೀರು ಒಳಗೆ, ಇಳಿತದಲ್ಲಿ ಹೊರಗೆ. ಮಳೆಗಾಲದಲ್ಲಿ ಘಟ್ಟದಿಂದ ಸಿಹಿನೀರಿನ ರಾಶಿ. ಈ ಉಪ್ಪು ಮತ್ತು ಸಿಹಿಯ ಲೆಕ್ಕಾಚಾರದ ಮೇಲೇ ಇಲ್ಲಿಯ ಗದ್ದೆ, ಮೀನು, ಕಾಡು ಎಲ್ಲವೂ ನಿಂತಿವೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಆ ಕಾಡಿಗೆ ಬರೋಣ. ಹೊನ್ನಾವರ ಪೇಟೆಯಿಂದ ಹೆದ್ದಾರಿಯ ಸೇತುವೆ ದಾಟಿ ದಕ್ಷಿಣದ ದಂಡೆಗೆ ಬಂದರೆ ಕಾಸರಕೋಡು. ಕೇರಳದ ಕಾಸರಗೋಡಲ್ಲ ಮಾರಾಯ್ರೇ, ಇದು ಹೊನ್ನಾವರದ ಕಾಸರಕೋಡು! 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಸಮುದ್ರ ದಂಡೆ ಇರುವುದೂ ಇದೇ ಊರಲ್ಲಿ. ಇಲ್ಲಿ ಅರಣ್ಯ ಇಲಾಖೆಯವರು ನದಿ ಪಕ್ಕದ ಕಾಂಡ್ಲಾ ಕಾಡಿನೊಳಗೆ ಹಲಗೆ ಹಾಸಿದ ಕಾಲುದಾರಿಯೊಂದನ್ನು ಕಟ್ಟಿದ್ದಾರೆ. ಕೆಸರಿಗೆ ಕಾಲಿಡದೆ ಕಾಡಿನ ಹೊಟ್ಟೆಯೊಳಗೇ ಹೋಗಿ ಸುತ್ತಿ ಬರಬಹುದು. ಏರು ಇಳಿವಿಲ್ಲ, ಪಕ್ಕಕ್ಕೆ ಕಟಕಟೆ ಇದೆ. ನಾಲ್ಕು ವರ್ಷದ ಮಗುವೂ ನಡೆಯಬಹುದು, ಮಂಡಿ ನೋವಿನ ಅಜ್ಜಿಯೂ ನಡೆಯಬಹುದು. ನಡೆದದ್ದು ಸಾಲದು ಅಂದರೆ ಪಕ್ಕದಲ್ಲೇ ದೋಣಿಯವರಿದ್ದಾರೆ, ನೀರಿನ ಮೇಲೂ ಒಂದು ಸುತ್ತು ಹಾಕಿಸುತ್ತಾರೆ.

ಒಳಗೆ ಹೋದರೆ ಮೊದಲು ಕಾಣುವುದು ಬೇರು. ಸಾಮಾನ್ಯವಾಗಿ ಕಾಡಿಗೆ ಹೋದರೆ ನಾವು ತಲೆ ಎತ್ತಿ ನೋಡುತ್ತೇವೆ, ಇಲ್ಲಿ ತಲೆ ತಗ್ಗಿಸಿ ನೋಡಬೇಕು. ಕಾಂಡ್ಲಾ ಗಿಡದ ಬೇರುಗಳು ಕಾಂಡದಿಂದಲೇ ಹೊರಟು, ಕಮಾನಿನ ಹಾಗೆ ಬಗ್ಗಿ ಕೆಸರಿಗೆ ಇಳಿದಿರುತ್ತವೆ. ಗಿಡ ಹತ್ತಾರು ಕಾಲಿನ ಮೇಲೆ ನಿಂತ ಹಾಗೆ. ಉಪ್ಪಟ್ಟಿ ಅನ್ನುವ ಇನ್ನೊಂದು ಜಾತಿಯದು ಬೇರೆಯೇ ಉಪಾಯ. ಅದರ ಬೇರುಗಳು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಎದ್ದಿರುತ್ತವೆ. ಕೆಸರಿನೊಳಗೆ ಗಾಳಿ ಸಿಗುವುದಿಲ್ಲವಲ್ಲ, ಅದಕ್ಕೇ ಬೇರೇ ಹೊರಗೆ ಬಂದು ಉಸಿರಾಡುತ್ತದೆ! ಉಪ್ಪಟ್ಟಿ ಎಲೆಯನ್ನು ಹತ್ತಿರದಿಂದ ನೋಡಿದರೆ ಕೆಲವೊಮ್ಮೆ ಉಪ್ಪಿನ ಹರಳು ಕಾಣುತ್ತದೆ. ಕುಡಿದ ನೀರಿನ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುವ ರೀತಿ ಅದು. ಮಕ್ಕಳಿಗೆ ಇನ್ನೂ ಖುಷಿ ಕೊಡುವುದು ಕಾಂಡ್ಲಾದ ಬೀಜ. ಇದು ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ತಾಯಿ ಗಿಡದ ಮೇಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತಾಡುತ್ತಿರುತ್ತದೆ. ಬಲಿತ ಮೇಲೆ ಕೆಳಗೆ ಬಿದ್ದು ಕೆಸರಿಗೆ ನಾಟಿಕೊಂಡರೆ ಅಲ್ಲೇ ಗಿಡ. ಭರತದ ಹೊತ್ತಿಗೆ ಬಿದ್ದರೆ ತೇಲಿಕೊಂಡು ಹೋಗಿ ಇನ್ಯಾವುದೋ ಕುರ್ವೆಯ ದಂಡೆಯಲ್ಲಿ ಸಂಸಾರ ಶುರು.

ಕಾಂಡ್ಲಾ ಅನ್ನುವ ಹೆಸರಿಗೂ ಒಂದು ಕಥೆ ಇದೆ. ಮಲಯಾಳದಲ್ಲಿ ಇದಕ್ಕೆ ಕಂಡಲ್ ಅನ್ನುತ್ತಾರೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಊರಿನ ವೈದ್ಯರನ್ನು ಕೂರಿಸಿಕೊಂಡು ಮಲಬಾರಿನ ಗಿಡಮೂಲಿಕೆಗಳ ದೊಡ್ಡ ಗ್ರಂಥ ಮಾಡಿಸಿದ. ‘ಹೋರ್ಟಸ್ ಮಲಬಾರಿಕಸ್’ ಅಂತ, 12 ಸಂಪುಟ, 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಗಿಡಗಳು ಕಂಡಲ್ ಎಂಬ ಹೆಸರಿನಲ್ಲೇ ಇವೆ. ಮುಂದೆ ಸಸ್ಯಶಾಸ್ತ್ರಜ್ಞರು ಇದರ ಒಂದು ಕುಲಕ್ಕೆ ‘ಕ್ಯಾಂಡೆಲಿಯ’ ಅಂತಲೇ ಹೆಸರಿಟ್ಟರು. ಅಂದರೆ ನಮ್ಮ ಕರಾವಳಿಯ ಕೆಸರಿನ ಪದವೊಂದು ಲ್ಯಾಟಿನ್ನಿನ ವೇಷ ಹಾಕಿಕೊಂಡು ಜಗತ್ತೆಲ್ಲ ಓಡಾಡುತ್ತಿದೆ. ಉಪ್ಪಟ್ಟಿಯ ಶಾಸ್ತ್ರೀಯ ಹೆಸರು ಅವಿಸೆನ್ನಿಯ. ಅದು ವೈದ್ಯ ಇಬ್ನ್ ಸೀನಾನ ನೆನಪಿಗೆ ಇಟ್ಟದ್ದು.

ಇನ್ನೊಬ್ಬ ಇಬ್ನ್ ಖುದ್ದಾಗಿ ಈ ನೀರಿಗೇ ಬಂದಿದ್ದ. ಮೊರಾಕೋದ ಇಬ್ನ್ ಬತೂತ, 1340ರ ದಶಕದಲ್ಲಿ. ಆಗ ಹೊನ್ನಾವರದಲ್ಲಿ ಜಮಾಲುದ್ದೀನ್ ಅನ್ನುವ ಸುಲ್ತಾನನಿದ್ದ. ಊರು ದೊಡ್ಡ ಹಡಗುಗಳು ಒಳಬರುವ ಅಳಿವೆಯ ದಂಡೆಯಲ್ಲಿದೆ, ಜನ ಸಮುದ್ರ ವ್ಯಾಪಾರದಿಂದಲೇ ಬದುಕುತ್ತಾರೆ ಅಂತ ಆತ ಬರೆದಿದ್ದಾನೆ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವು ಅಂತಲೂ ಹೇಳುತ್ತಾನೆ. ಆರೂವರೆ ಶತಮಾನಕ್ಕೂ ಹಿಂದೆ ಹುಡುಗಿಯರಿಗೇ 13 ಶಾಲೆ! ದೇಶದೇಶ ಸುತ್ತಿದವನಿಗೂ ಇದು ಬರೆದಿಡುವಷ್ಟು ವಿಶೇಷ ಅನ್ನಿಸಿತ್ತು.

ಹಡಗುಗಳು ಇಲ್ಲಿಗೆ ಬರುತ್ತಿದ್ದುದು ಯಾಕೆ? ಮುಖ್ಯವಾಗಿ ಕಾಳುಮೆಣಸಿಗೆ. ಘಟ್ಟದ ಮೇಲೆ ಬೆಳೆದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿ ಹತ್ತಿ ಇದೇ ಕುರ್ವೆಗಳ ಪಕ್ಕದಲ್ಲಿ ಹಾದು ಸಮುದ್ರ ಸೇರುತ್ತಿತ್ತು. ಆ ವ್ಯಾಪಾರದ ಮೇಲೆ ಹಿಡಿತ ಇಟ್ಟುಕೊಂಡು 16ನೇ ಶತಮಾನದಲ್ಲಿ ಆಳಿದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕರೆಯುತ್ತಿದ್ದುದೇ ಮೆಣಸಿನ ರಾಣಿ ಅಂತ. ಹೊನ್ನಾವರದಲ್ಲಿ 1569ರಲ್ಲಿ ಕೋಟೆ ಹಿಡಿದು ಕೂತಿದ್ದ ಪೋರ್ಚುಗೀಸರು ಒಂದು ಕಡೆ, ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ನಾಯಕರು ಇನ್ನೊಂದು ಕಡೆ. ಇಬ್ಬರ ನಡುವೆ ಅವಳು ಅರ್ಧ ಶತಮಾನ ಆಳಿದಳು. ಕೊನೆಗೆ 17ನೇ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪನಾಯಕನ ಕೈಗೆ ಗೇರುಸೊಪ್ಪೆ ಹೋಯಿತು.

ಅದಾಗಿ ಹೆಚ್ಚು ವರ್ಷ ಕಳೆದಿರಲಿಲ್ಲ. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ, ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋದ. ತಾನು ಕಂಡ ಬಹಳ ಚೆಂದದ ನದಿಗಳಲ್ಲಿ ಇದೂ ಒಂದು ಅಂತ ಮೆಚ್ಚಿ ಬರೆದ. ಆದರೆ ಗೇರುಸೊಪ್ಪೆಗೆ ಹೋಗಿ ನೋಡಿದರೆ ಹಳೆಯ ಪಟ್ಟಣ ಹಾಳುಬಿದ್ದು ಮರಗಿಡ ಬೆಳೆದಿತ್ತು. ಒಂದು ತಲೆಮಾರು ಕಳೆಯುವುದರೊಳಗೆ ರಾಜಧಾನಿಯೇ ಕಾಡಾಗಿತ್ತು. ಇಂದು ಅಲ್ಲಿ ಚತುರ್ಮುಖ ಬಸದಿ ನೋಡಲು ಹೋದವರಿಗೆ ಆ ಕಾಡಿನ ಅಂದಾಜು ಸಿಗುತ್ತದೆ.

ಹೊನ್ನಾವರದ ಕಥೆಯೂ ಹೆಚ್ಚು ಬೇರೆಯಲ್ಲ. ಪೋರ್ಚುಗೀಸರಾದ ಮೇಲೆ ಕೆಳದಿಯವರು, ಆಮೇಲೆ ಹೈದರಾಲಿ. ಹೈದರ್ ಇಲ್ಲಿ ಯುದ್ಧದ ಹಡಗು ಕಟ್ಟುವ ಕಟ್ಟೆ ಮಾಡಿಸಿದ್ದ. 1783ರಲ್ಲಿ ಇಂಗ್ಲಿಷರು ಹಿಡಿದರು, 1784ರ ಮಂಗಳೂರು ಒಪ್ಪಂದದಲ್ಲಿ ಮತ್ತೆ ಟಿಪ್ಪುವಿಗೆ ಬಂತು, 1799ರಲ್ಲಿ ಪುನಃ ಇಂಗ್ಲಿಷರಿಗೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಊರು ನೆಲಸಮವಾಗಿತ್ತು. ಆದರೆ ಆತ ನೀರನ್ನು ಸರಿಯಾಗಿ ಗಮನಿಸಿದ್ದಾನೆ. ಊರವರು ಇದನ್ನು ನದಿ ಅನ್ನುತ್ತಾರೆ, ನಿಜಕ್ಕೂ ಸರೋವರ ಅನ್ನಬೇಕು. ಇದರೊಳಗೆ ಹಲವು ದ್ವೀಪಗಳಿವೆ, ಕೆಲವದರಲ್ಲಿ ಬೇಸಾಯವಿದೆ. ಬೇಸಿಗೆಯಲ್ಲಿ ನೀರೆಲ್ಲ ಉಪ್ಪು, ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಬಂದು ಎಲ್ಲ ಸಿಹಿ. ಇದು ಆತ ಹೇಳಿದ್ದರ ಸಾರಾಂಶ. ರಾಜರು, ಕೋಟೆಗಳು ಎಷ್ಟೋ ಬಂದು ಹೋದವು. ಬೇಸಿಗೆಗೆ ಉಪ್ಪು, ಮಳೆಗೆ ಸಿಹಿ ಅನ್ನುವ ಈ ಒಂದು ನಿಯಮ ಮಾತ್ರ ಹಾಗೇ ನಡೆದುಕೊಂಡು ಬಂದಿತ್ತು.

ಊರಿನ ಜನ ಬದುಕು ಕಟ್ಟಿಕೊಂಡಿದ್ದು ಈ ನಿಯಮದ ಮೇಲೆಯೇ. ಕುಮಟಾ ಕಡೆಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಳಿವೆಯ ಪಕ್ಕದ ತಗ್ಗು ನೆಲಕ್ಕೆ ಮಣ್ಣಿನ ಒಡ್ಡು ಹಾಕಿ ಉಪ್ಪುನೀರನ್ನು ತಡೆಯುತ್ತಿದ್ದರು. ಮಳೆ ಬಿದ್ದು ನೆಲದ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತನೆ. ಕಗ್ಗ ಎತ್ತರಕ್ಕೆ ಬೆಳೆಯುತ್ತದೆ, ನೆರೆ ಬಂದರೂ ತಡೆಯುತ್ತದೆ, ಸ್ವಲ್ಪ ಉಪ್ಪು ತಾಗಿದರೂ ಸಾಯುವುದಿಲ್ಲ. ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ ಅದರ ಜೊತೆ ಮೀನು, ಸಿಗಡಿ ಬರುತ್ತಿದ್ದವು. ಒಂದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಮಣ್ಣಿನ ಒಡ್ಡನ್ನು ಅಲೆ ಕೊಚ್ಚದ ಹಾಗೆ ಕಾಯುತ್ತಿದ್ದುದು ಅದರ ಹೊರಗೆ ಬೆಳೆಸಿದ ಕಾಂಡ್ಲಾ. ಸೌದೆಗೂ ಅದೇ, ದನಕ್ಕೆ ಸೊಪ್ಪು ಬೇಕಾದರೆ ಉಪ್ಪಟ್ಟಿ, ಬಲೆಗೆ ಬಣ್ಣ ಕಟ್ಟಲು ತೊಗಟೆ. ಹಾಗಾಗಿ ಕಾಂಡ್ಲಾ ಅನ್ನುವುದು ಯಾರೂ ಕಾಲಿಡದ ಕಾಡಾಗಿರಲಿಲ್ಲ. ಮನೆಯ ಬೇಲಿಯ ಹಾಗೆ ದಿನಾ ಕೈಗೆ ತಾಗುವ ಕಾಡು. ಆಮೇಲೆ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಒಡ್ಡುಗಳು ಬಂದವು. ಕಲ್ಲಿಗೆ ಕಾಂಡ್ಲಾದ ಕಾವಲು ಬೇಡವಲ್ಲ... ನೆಡುವವರೂ ಕಡಿಮೆಯಾದರು.

ಇದಕ್ಕಿಂತ ದೊಡ್ಡ ಬದಲಾವಣೆ ಬಂದಿದ್ದು ಘಟ್ಟದ ಮೇಲಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಮುಳುಗಿದ ಊರುಗಳ ಸಂಕಟದ ಬಗ್ಗೆ ನಾವೆಲ್ಲ ಓದಿದ್ದೇವೆ, ಅದು ಇನ್ನೂ ಮುಗಿದಿಲ್ಲ. ಆದರೆ ನದಿಯ ಇನ್ನೊಂದು ತುದಿಯಲ್ಲಿ ಏನಾಯಿತು ಅನ್ನುವುದು ಅಷ್ಟಾಗಿ ಚರ್ಚೆಗೆ ಬಂದದ್ದಿಲ್ಲ. ಕರೆಂಟು ಬೇಸಿಗೆಯಲ್ಲೂ ಬೇಕು, ಬೇಸಿಗೆಯಲ್ಲೇ ಹೆಚ್ಚು ಬೇಕು. ಹಾಗಾಗಿ ಮಳೆಗಾಲದ ಸಿಹಿನೀರನ್ನು ಮೇಲೆ ಹಿಡಿದಿಟ್ಟುಕೊಂಡು ವರ್ಷವಿಡೀ ಟರ್ಬೈನಿನ ಮೂಲಕ ಕೆಳಗೆ ಬಿಡುತ್ತಾರೆ. ಬುಕಾನನ್ ಕಂಡಿದ್ದ ಬೇಸಿಗೆಯ ಉಪ್ಪುನೀರಿಗೆ ಈಗ ಏಪ್ರಿಲ್ ತಿಂಗಳಲ್ಲೂ ಸಿಹಿನೀರು ಬಂದು ಬೆರೆಯುತ್ತದೆ. ಸಿಹಿನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವಾ ಅಂತ ನಮಗೆ ಅನ್ನಿಸಬಹುದು. ಅಳಿವೆಯ ಲೆಕ್ಕ ಹಾಗಿಲ್ಲ. ಅಲ್ಲಿಯ ಮೀನು, ಚಿಪ್ಪು, ಗಿಡ ಎಲ್ಲಕ್ಕೂ ಇಷ್ಟು ತಿಂಗಳು ಇಷ್ಟು ಉಪ್ಪು ಬೇಕು.

ಹೋಲಿಸಿ ನೋಡಲು ಪಕ್ಕದಲ್ಲೇ ಒಂದು ನದಿ ಇದೆ. ಶಿರಸಿ ಕಡೆ ಹುಟ್ಟಿ ಕುಮಟಾದಲ್ಲಿ ಸಮುದ್ರ ಸೇರುವ ಅಘನಾಶಿನಿ. ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಕುಮಟೆಯವರೇ ಆದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಈ ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ್ದಾರೆ. ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಸಾವಿರಾರು ಕುಟುಂಬಗಳು ಬದುಕುತ್ತವೆ. ಶರಾವತಿಯಲ್ಲಿ ಉಪ್ಪಿನಂಶ ಇಳಿದು ಚಿಪ್ಪುಗಳೂ, ಉಪ್ಪುನೀರಿನ ಮೀನುಗಳ ಬಗೆಗಳೂ ಕಡಿಮೆಯಾಗಿವೆ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿ ಸೇರಿತು. ಎರಡೂ ಒಂದೇ ಘಟ್ಟದಿಂದ, ಒಂದೇ ಮಳೆಯಿಂದ ಬಂದ ನದಿಗಳು. ವ್ಯತ್ಯಾಸ ಮಾಡಿದ್ದು ನಾವು.

ಹಾಗಂತ ಕಾಸರಕೋಡಿನ ಕಾಂಡ್ಲಾ ಸತ್ತಿದೆ ಅಂತಲ್ಲ. ಹೋಗಿ ನೋಡಿ, ಹಚ್ಚಗೆ ನಿಂತಿದೆ. ಇಂಥ ಕಾಡು ಕಡಿಯದಂತೆ 1991ರ ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು. 2004ರ ಸುನಾಮಿಯ ನಂತರ ದೇಶದಲ್ಲಿ ಕಾಂಡ್ಲಾ ಬಗ್ಗೆ ಗೌರವವೂ ಸ್ವಲ್ಪ ಹೆಚ್ಚಿತು. ಅರಣ್ಯ ಇಲಾಖೆ ಈ ಅಳಿವೆಗಳಲ್ಲಿ ಸಸಿ ನೆಡಿಸಿದೆ. ಹಲಗೆಯ ದಾರಿ ಮಾಡಿ ಜನರನ್ನು ಒಳಗೆ ಬಿಟ್ಟದ್ದೂ ನನಗೆ ಒಳ್ಳೆಯ ಕೆಲಸವೇ ಅನ್ನಿಸುತ್ತದೆ. ನೋಡದ ಕಾಡನ್ನು ಉಳಿಸಿ ಅಂದರೆ ಯಾರಿಗೆ ತಲೆಗೆ ಹೋಗುತ್ತದೆ ಹೇಳಿ?

ನನ್ನ ತಕರಾರು ಇಷ್ಟೇ. ಕಾಡನ್ನು ಮಾತ್ರ ತೋರಿಸಿ, ಅದನ್ನು ಸಾಕುವ ನೀರಿನ ಕಥೆ ಹೇಳದಿದ್ದರೆ ಅರ್ಧ ತೋರಿಸಿದ ಹಾಗೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದು ಮಲೆನಾಡು ಸಿಟ್ಟಾಯಿತು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಕೆಳಗೆ ಬಿಟ್ಟು ಮತ್ತೆ ಮೇಲೆತ್ತುವ 2,000 ಮೆಗಾವ್ಯಾಟಿನ ಯೋಜನೆಯ ಬಗ್ಗೆ ದೊಡ್ಡ ಜಗಳವೇ ಆಗಿದೆ. ಇತ್ತ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಈ ಸುದ್ದಿಗಳು ಪೇಪರಿನಲ್ಲಿ ಬೇರೆ ಬೇರೆ ಪುಟದಲ್ಲಿ ಬರುತ್ತವೆ. ಒಂದು ವಿದ್ಯುತ್ತಿನದು, ಒಂದು ಕುಡಿಯುವ ನೀರಿನದು, ಒಂದು ಬಂದರಿನದು. ಹಲಗೆಯ ಮೇಲೆ ನಿಂತು ಕೆಳಗೆ ಹರಿಯುವ ನೀರು ನೋಡಿದರೆ ಎಲ್ಲ ಒಂದೇ ಸುದ್ದಿ. ಮೇಲೆ ಯಾರೋ ಗೇಟು ಎತ್ತಿದರೆ ಇಲ್ಲಿ ಬೇರಿಗೆ ಗೊತ್ತಾಗುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಇಳಿತದ ಹೊತ್ತಿಗೆ ಹೋದರೆ ಬೇರು, ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ಮೀನು ಚೆನ್ನಾಗಿ ಕಾಣುತ್ತವೆ. ಭರತದ ಹೊತ್ತಿಗೆ ಕಾಡೇ ನೀರಿನಲ್ಲಿ ನಿಂತಿರುತ್ತದೆ, ಅದೂ ಚೆಂದ. ಪುರುಸೊತ್ತಿದ್ದರೆ ಎರಡನ್ನೂ ನೋಡಿ, ನಡುವೆ ಆರು ಗಂಟೆಯ ಅಂತರ ಅಷ್ಟೇ. ಮಿಂಚುಳ್ಳಿ, ಬೆಳ್ಳಕ್ಕಿ, ಕೆಂಪು ಬೆನ್ನಿನ ಗರುಡ ಸಾಮಾನ್ಯವಾಗಿ ಸಿಗುತ್ತವೆ. ಮಳೆಗಾಲದಲ್ಲಿ ಹಲಗೆ ಜಾರುತ್ತದೆ, ದಾರಿ ತೆರೆದಿದೆಯೋ ಇಲ್ಲವೋ ಹೊನ್ನಾವರದಲ್ಲಿ ವಿಚಾರಿಸಿಕೊಂಡು ಹೋಗುವುದು ವಾಸಿ. ಚಿಪ್ಸಿನ ಖಾಲಿ ಪೊಟ್ಟಣ ಜೇಬಿಗೇ ಹಾಕಿಕೊಳ್ಳಿ ಅಂತ ಮಕ್ಕಳಿಗೆ ಮೊದಲೇ ಹೇಳಿ. ಬೇರಿನ ಸಂದಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ತೆಗೆಯುವುದು ಬಹಳ ಕಷ್ಟ. ದೋಣಿಯಲ್ಲಿ ಹೋದರೆ ಕುರ್ವೆಗಳ ಹೆಸರು ಕೇಳಿಕೊಂಡು ಬನ್ನಿ. ಹೆಸರು ಹೇಳುವಾಗ ಅಂಬಿಗರ ಬಾಯಲ್ಲಿ ಒಂದೆರಡು ಕಥೆಯೂ ಬರುತ್ತವೆ.

ಕಾಳಿ, ಗಂಗಾವಳಿ ಕಡೆಯವರು, ಕುಂದಾಪುರದ ಪಂಚಗಂಗಾವಳಿ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಪ್ರಶ್ನೆ: ನಿಮ್ಮೂರಲ್ಲಿ ಕಾಂಡ್ಲಾಕ್ಕೆ ಏನಂತಾರೆ? ಅದನ್ನು ಒಡ್ಡಿಗೆ ನೆಟ್ಟದ್ದು, ಸೌದೆಗೆ ಕಡಿದದ್ದು, ಬಲೆಗೆ ತೊಗಟೆ ಬೇಯಿಸಿದ್ದು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಕೇಳಿ ಬರೆದಿಡಿ. ಗೇರುಸೊಪ್ಪೆಯ ಮೆಣಸಿನ ಲೆಕ್ಕವನ್ನು ಪೋರ್ಚುಗೀಸರು ಬರೆದಿಟ್ಟರು. ಕಾಂಡ್ಲಾದ ಲೆಕ್ಕ ಬರೆಯಲು ಹೊರಗಿನಿಂದ ಯಾರೂ ಬರುವುದಿಲ್ಲ, ಅದನ್ನು ನಾವೇ ಬರೆಯಬೇಕು.